ಜೋಷ್ನಾ ಚಿಣ್ಣಪ್ಪ: 14ಕ್ಕೆ ರಾಷ್ಟ್ರೀಯ ಚಾಂಪಿಯನ್, 39ಕ್ಕೆ ವಿಶ್ವಕಪ್. ಇಷ್ಟು ಉದ್ದದ ಆಟದ ಬದುಕನ್ನು ಹೇಗೆ ಅಳೆಯಬೇಕು?

ಟಿ_ಗೆರೆ

2025ರ ಡಿಸೆಂಬರ್‌ನಲ್ಲಿ ಚೆನ್ನೈನ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನಲ್ಲಿ ನಡೆದ ಸ್ಕ್ವಾಷ್ ವಿಶ್ವಕಪ್ ಫೈನಲ್ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಭಾರತ ಹಾಂಗ್‌ಕಾಂಗ್ ತಂಡವನ್ನು 3-0ಯಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಮಾರನೇ ದಿನ ಎಲ್ಲಿ ನೋಡಿದರೂ ತಂಡದ ಕಿರಿಯ ಆಟಗಾರ್ತಿ ಅನಾಹತ್ ಸಿಂಗ್ ಫೋಟೊ. ಆ ಹುಡುಗಿಗೆ ಅದು ಸಲ್ಲಬೇಕಾದದ್ದೇ. ಆದರೆ ಫೈನಲ್‌ನಲ್ಲಿ ಮೊದಲು ಕೋರ್ಟಿಗಿಳಿದು ತಂಡಕ್ಕೆ 1-0 ಮುನ್ನಡೆ ತಂದುಕೊಟ್ಟವರು ಜೋಷ್ನಾ ಚಿಣ್ಣಪ್ಪ. ವಯಸ್ಸು 39. ಎದುರಿಗಿದ್ದ ಲೀ ಕಾ ಯಿ ರ‍್ಯಾಂಕಿಂಗ್‌ನಲ್ಲಿ ಅವರಿಗಿಂತ ಎಷ್ಟೋ ಮೇಲಿದ್ದರು. ಸ್ಕೋರು 7-3, 2-7, 7-5, 7-1. ವಿಶ್ವಕಪ್‌ನಲ್ಲಿ ಗೇಮ್ 7 ಅಂಕಕ್ಕೇ ಮುಗಿಯುತ್ತದೆ. ಸುಧಾರಿಸಿಕೊಳ್ಳೋಕೆ ಸಮಯವೇ ಸಿಗುವುದಿಲ್ಲ. ಎರಡನೇ ಗೇಮ್ ಹಾಗೆ ಕೈಜಾರಿದ ಮೇಲೆ ತಲೆ ಕೆಡಿಸಿಕೊಳ್ಳದೆ ಮುಂದಿನ ಎರಡನ್ನೂ ತೆಗೆದುಕೊಂಡರು.

ಅನಾಹತ್ ಹುಟ್ಟಿದ್ದು 2008ರಲ್ಲಿ. ಜೋಷ್ನಾ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 2000ರಲ್ಲಿ. ಈಗ ಇಬ್ಬರೂ ಒಂದೇ ತಂಡ.

ಈ ನಡುವಿನ ಇಪ್ಪತ್ತೈದು ವರ್ಷಗಳ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಮಾತಾಡಿದ್ದೇ ನನ್ನ ಕಣ್ಣಿಗೆ ಬಿದ್ದಿಲ್ಲ. ಪದ್ಮಶ್ರೀ ಬಂದಾಗ (2024) ನಾಲ್ಕು ಸಾಲು ಬರೆದು ಸುಮ್ಮನಾದೆವು. 2003ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್ 17ರೊಳಗಿನವರ ವಿಭಾಗ ಗೆದ್ದರು. 2005ರಲ್ಲಿ ಅಲ್ಲೇ 19ರೊಳಗಿನವರ ಪ್ರಶಸ್ತಿ. ಅದೇ ವರ್ಷ ಬೆಲ್ಜಿಯಂನಲ್ಲಿ ವಿಶ್ವ ಜೂನಿಯರ್ ಫೈನಲ್‌ಗೂ ಹೋದರು. ಅಲ್ಲಿ ಸೋತದ್ದು ಈಜಿಪ್ಟಿನ ರನೀಮ್ ಎಲ್ ವೆಲೀಲಿಗೆ. ರನೀಮ್ ಆಮೇಲೆ ವಿಶ್ವದ ನಂಬರ್ 1 ಆದರು, 2017ರ ವಿಶ್ವ ಚಾಂಪಿಯನ್ ಆದರು, 2020ರಲ್ಲಿ ನಿವೃತ್ತಿಯನ್ನೂ ಹೇಳಿದರು. ಜೋಷ್ನಾ ಇನ್ನೂ ಆಡುತ್ತಿದ್ದಾರೆ.

ನಾನು ಹೇಳುವುದು ಇಷ್ಟು. ಈ ಆಟಗಾರ್ತಿಯ ಬದುಕನ್ನು ರ‍್ಯಾಂಕಿಂಗ್ ಒಂದರಿಂದಲೇ ಅಳೆದರೆ ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ. ಮೂರು ತಲೆಮಾರಿನ ಎದುರಾಳಿಗಳ ಜೊತೆ ಆಡಿ, ಪ್ರತಿಯೊಂದು ತಲೆಮಾರಿನಲ್ಲೂ ದೊಡ್ಡ ಹೆಸರೊಂದನ್ನು ಸೋಲಿಸಿದವರು ಎಷ್ಟು ಜನ ಸಿಗುತ್ತಾರೆ? ನಿಮಗೇನನ್ನಿಸುತ್ತದೆ?

ಅಂಕಿಪ್ರಿಯ

ಗೌರವ ನನಗೂ ಇದೆ. ಆದರೂ ಲೆಕ್ಕ ಲೆಕ್ಕವೇ ಅಲ್ವಾ?

ಜೋಷ್ನಾ ತಲುಪಿದ ಅತಿ ಎತ್ತರದ ರ‍್ಯಾಂಕ್ 10, ಅದು 2016ರಲ್ಲಿ. ಟಾಪ್ 10ಕ್ಕೆ ಅವರಿಗಿಂತ ಮೊದಲೇ ಕಾಲಿಟ್ಟವರು ನಮ್ಮ ದೇಶದವರೇ ಆದ ದೀಪಿಕಾ ಪಳ್ಳಿಕಲ್. ಸಿಂಗಲ್ಸ್ ವಿಶ್ವ ಚಾಂಪಿಯನ್ ಪಟ್ಟ ಬರಲಿಲ್ಲ. ರಾಷ್ಟ್ರೀಯ ಪ್ರಶಸ್ತಿ 18 ಬಂದಿವೆ, ನಿಜ. ಆದರೆ ಒಬ್ಬರೇ 18 ಸಲ ಗೆದ್ದರು ಅಂದರೆ ದೇಶದೊಳಗೆ ಪೈಪೋಟಿ ಎಷ್ಟಿತ್ತು ಅನ್ನೋ ಪ್ರಶ್ನೆಯೂ ಬರುತ್ತದೆ. ದೀಪಿಕಾ ಹಲವು ವರ್ಷ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಬರಲೇ ಇಲ್ಲ. ಅವರಿದ್ದಿದ್ದರೆ ಸಂಖ್ಯೆ 18 ಆಗುತ್ತಿತ್ತಾ?

ಉದ್ದವಾಗಿ ಆಡುವುದು ಒಂದು, ಎತ್ತರಕ್ಕೆ ಹೋಗುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹಿಂದಿನ_ಗಾಜು

ಅಂಕಿಪ್ರಿಯ ಸರ್, ದೀಪಿಕಾ ಬರಲಿಲ್ಲ ಎಂದಿರಿ. ಯಾಕೆ ಬರಲಿಲ್ಲ ಅನ್ನುವುದನ್ನೂ ಹೇಳಬೇಕಿತ್ತು. ಗಂಡಸರಿಗೆ ಕೊಡುವಷ್ಟೇ ಬಹುಮಾನದ ಹಣ ಹೆಂಗಸರಿಗೂ ಕೊಡಿ ಎಂದು ಕೇಳಿ ದೂರ ಉಳಿದರು. ಹಣ ಸಮ ಆದ ಮೇಲೆ 2016ರಲ್ಲಿ ಬಂದು ಪ್ರಶಸ್ತಿಯನ್ನೂ ಗೆದ್ದರು. ಅದು ದೊಡ್ಡ ಕೆಲಸ. ಜೋಷ್ನಾ ಲೆಕ್ಕದಿಂದ ಏನನ್ನೋ ಕಳೆಯೋಕೆ ಅದನ್ನು ಬಳಸುವುದು ಇಬ್ಬರಿಗೂ ನ್ಯಾಯವಲ್ಲ.

ಪೈಪೋಟಿಯ ಮಾತಿಗೆ ಬಂದರೆ, ಜೋಷ್ನಾಗಿಂತ ಮೊದಲು ದಾಖಲೆ ಭುವನೇಶ್ವರಿ ಕುಮಾರಿ ಅವರ ಹೆಸರಲ್ಲಿತ್ತು. 1977ರಿಂದ 1992ರವರೆಗೆ ಸತತ 16 ಸಲ. ಅದನ್ನು ಮುರಿಯೋಕೆ 2019ರವರೆಗೆ ಕಾಯಬೇಕಾಯಿತು. ಆ ವರ್ಷ ಜೋಷ್ನಾ 17ನೆಯದು ಗೆದ್ದರು. 2020ರಲ್ಲಿ ಚೆನ್ನೈನಲ್ಲಿ 18ನೆಯದು. ಇವರು ಗೆಲ್ಲುತ್ತಿದ್ದ ವರ್ಷಗಳಲ್ಲಿ ದೇಶ ದೇಶ ಸುತ್ತಿ ಆಡುವ ವೃತ್ತಿಪರ ಟೂರ್ ಕೂಡ ಜೊತೆಗೇ ಇತ್ತು. ಹೊರದೇಶದಲ್ಲಿ ಟೂರ್ನಿ ಮುಗಿಸಿ, ಬೇರೆ ಹವೆ, ಬೇರೆ ಕೋರ್ಟಿಗೆ ಹೊಂದಿಕೊಂಡಿದ್ದ ಮೈಯನ್ನು ಇಲ್ಲಿಯ ಸೆಖೆಗೆ ತಂದು ಆಡಬೇಕು. ಸೆಖೆಗೆ ಚೆಂಡು ಬಿಸಿಯಾಗಿ ಜಾಸ್ತಿ ಪುಟಿಯುತ್ತದೆ. ತಂಪು ಗಾಜಿನ ಕೋರ್ಟಿನಲ್ಲಿ ಸತ್ತು ಬೀಳುತ್ತಿದ್ದ ಡ್ರಾಪ್ (ಮುಂದಿನ ಗೋಡೆಯ ಹತ್ತಿರವೇ ಬೀಳುವಂತೆ ಮೆಲ್ಲಗೆ ಹೊಡೆದ ಚೆಂಡು) ಇಲ್ಲಿ ಎದ್ದು ನಿಲ್ಲುತ್ತದೆ. ಅದೇ ಹೊಡೆತವನ್ನು ಬೇರೆ ರೀತಿ ಹೊಡೆಯಬೇಕು. ಅದನ್ನು ವರ್ಷಾನುಗಟ್ಟಲೆ ಮಾಡಿದವರು ಅವರು.

ನಾನು ಮಕ್ಕಳಿಗೆ ಸ್ಕ್ವಾಷ್ ಹೇಳಿಕೊಡುತ್ತೇನೆ. ಉದ್ದ ಬೇರೆ, ಎತ್ತರ ಬೇರೆ ಎಂದಿರಲ್ಲ, ಒಪ್ಪುತ್ತೇನೆ. ಆದರೆ ಈ ಆಟದಲ್ಲಿ ಉದ್ದ ತಾನಾಗಿ ಬರುವುದಿಲ್ಲ. ಅದಕ್ಕೂ ಪ್ರತಿ ವರ್ಷ ಹೊಸದಾಗಿ ಕಲಿಯಬೇಕು.

ಟಿ_ಗೆರೆ

ಹೊಸದಾಗಿ ಕಲಿಯುವ ಮಾತು ಬಂತಲ್ಲ, ನನಗೆ ಬಹಳ ಇಷ್ಟವಾದ ವಿಷಯ ಅದು.

ಜೋಷ್ನಾ ಆಟ ಶುರು ಮಾಡಿದಾಗ ಲೆಕ್ಕವೇ ಬೇರೆ. ಸರ್ವ್ ಯಾರ ಕೈಲಿದೆಯೋ ಅವರಿಗೆ ಮಾತ್ರ ಅಂಕ, ಗೇಮ್ 9ಕ್ಕೆ. ಅಂಥ ಲೆಕ್ಕದಲ್ಲಿ ತಾಳ್ಮೆಗೆ ಬೆಲೆ ಜಾಸ್ತಿ. ಸರ್ವ್ ನಿಮ್ಮ ಕೈಲಿದ್ದಾಗ ಒಂದು ರ‍್ಯಾಲಿ ಸೋತರೆ ಸರ್ವ್ ಹೋಗುತ್ತದೆ ಅಷ್ಟೇ, ಅಂಕ ಹೋಗುವುದಿಲ್ಲ. ಆಮೇಲೆ ಪ್ರತಿ ರ‍್ಯಾಲಿಗೂ ಅಂಕ, ಗೇಮ್ 11ಕ್ಕೆ ಅಂತ ಆಯಿತು. ಒಂದು ಚೆಂಡು ಮುಂದಿನ ಗೋಡೆಯ ಬುಡದ ಪಟ್ಟಿ, ಅಂದರೆ ಟಿನ್‌ಗೆ ಬಡಿದರೂ ಎದುರಾಳಿಗೆ ನೇರ ಅಂಕ. ಆಮೇಲೆ 2015ರಲ್ಲಿ ಹೆಂಗಸರ ಟೂರ್ ಗಂಡಸರ ಸಂಸ್ಥೆ ಪಿಎಸ್ಎ ಜೊತೆ ಸೇರಿಕೊಂಡಿತು. ಟಿನ್ 48 ಸೆಂಟಿಮೀಟರಿನಿಂದ 43ಕ್ಕೆ ಇಳಿಯಿತು.

ಐದು ಸೆಂಟಿಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಕೋರ್ಟಿನೊಳಗೆ ನಿಂತರೆ ಗೊತ್ತಾಗುತ್ತದೆ. ಡ್ರಾಪ್ ಇನ್ನೂ ಕೆಳಗೆ ಹೊಡೆಯಬಹುದು, ಹೊಡೆದ ಚೆಂಡು ಗೋಡೆಗೆ ಇನ್ನೂ ಹತ್ತಿರ ಸಾಯುತ್ತದೆ. ಎದುರಿನವರು ಮೂಲೆಗೆ ಇನ್ನೊಂದು ಹೆಜ್ಜೆ ಜಾಸ್ತಿ ಓಡಬೇಕು. ಅದೂ ಪ್ರತಿ ಸಲ. ಹಿಂದಿನಿಂದ ಉದ್ದುದ್ದ ಹೊಡೆದು ಎದುರಾಳಿಯನ್ನು ದಣಿಸಿ ಗೆಲ್ಲುತ್ತಿದ್ದವರಿಗೆ ಕಷ್ಟವಾಯಿತು. ಮುಂದೆ ಬಂದು ವಾಲಿಯಲ್ಲೇ, ಅಂದರೆ ನೆಲಕ್ಕೆ ಬೀಳುವ ಮೊದಲೇ, ಚೆಂಡು ಕತ್ತರಿಸುವವರಿಗೆ ಅನುಕೂಲವಾಯಿತು. ಜೋಷ್ನಾ ಟಾಪ್ 10ಕ್ಕೆ ಬಂದದ್ದು ಈ ಬದಲಾವಣೆಯ ಮರು ವರ್ಷ, ಮೂವತ್ತರ ಹೊಸ್ತಿಲಲ್ಲಿ. ಬೇರೆಯವರು ಇಳಿಯೋಕೆ ಶುರು ಮಾಡುವ ವಯಸ್ಸು ಅದು. ನನಗೆ ಇದು 18 ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಮೊಣಕಾಲು_ಡಾಕ್ಟ್ರು

ನಾನು ಫಿಸಿಯೊಥೆರಪಿಸ್ಟ್. ಆಟದ ಲೆಕ್ಕಕ್ಕಿಂತ ನನ್ನ ಕಣ್ಣು ಕಾಲಿನ ಮೇಲೆಯೇ ಇರುತ್ತದೆ.

ಸ್ಕ್ವಾಷ್ ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ಸಣ್ಣ ಜಾಗ. ಓಟ ಅಂತ ನೇರವಾಗಿ ಓಡುವುದು ಇಲ್ಲವೇ ಇಲ್ಲ. ಕೋರ್ಟಿನ ನಡುವೆ ಗೆರೆಗಳು ಕೂಡುವ ಟಿ ಇಂದ ಮೂಲೆಗೆ ಎರಡು ಮೂರು ಹೆಜ್ಜೆ, ಕೊನೆಯ ಹೆಜ್ಜೆ ಉದ್ದ ಚಾಚಿ ಒಂದೇ ಕಾಲಿನ ಮೇಲೆ ಇಡೀ ಮೈ ಬಗ್ಗಿಸುವುದು. ಆಟಗಾರರು ಇದಕ್ಕೆ ಲಂಜ್ ಅನ್ನುತ್ತಾರೆ. ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ. ಮೈಯ ವೇಗವನ್ನೆಲ್ಲ ತಡೆಯುವುದು ಮುಂದಿನ ಮೊಣಕಾಲು. ಅದೇ ಕ್ಷಣದಲ್ಲಿ ಸೊಂಟ ತಿರುಗಿಸಿ ಹೊಡೆಯಬೇಕು. ಹೊಡೆದ ತಕ್ಷಣ ಅದೇ ಕಾಲಿನಿಂದ ನೆಲ ಒದ್ದು ಹಿಂದಕ್ಕೆ ಬರಬೇಕು. ಗಟ್ಟಿ ಪಂದ್ಯದಲ್ಲಿ ಇದು ನೂರಾರು ಸಲ. ಹೆಚ್ಚಿನವರದು ಒಂದೇ ಕಾಲು ಜಾಸ್ತಿ ಮುಂದೆ ಬರುತ್ತದೆ, ಆದ್ದರಿಂದ ಸವೆತವೂ ಒಂದೇ ಕಡೆ.

ಜೋಷ್ನಾ ಮೊಣಕಾಲಿನ ಗಾಯದಿಂದ ವೃತ್ತಿಯೇ ನಿಲ್ಲಬಹುದಾಗಿದ್ದ ಹಂತ ದಾಟಿದವರು. ಶಸ್ತ್ರಚಿಕಿತ್ಸೆ ಆಗಿ ಟೂರ್‌ಗೆ ಮರಳಿದವರು. ಜನ ಸಾಮಾನ್ಯವಾಗಿ "ಆಪರೇಷನ್ ಆಯ್ತು, ವಾಪಸ್ ಬಂದ್ರು" ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆ ಒಂದು ಸಾಲಿನೊಳಗೆ ಏನೇನಿದೆ ಗೊತ್ತಾ? ಮೊದಲು ಕಾಲು ಪೂರ್ತಿ ನೇರವಾಗಿ ಚಾಚಲು ಬರಬೇಕು. ತೊಡೆಯ ಸ್ನಾಯು ಕೆಲವೇ ವಾರಗಳಲ್ಲಿ ಕರಗಿ ಹೋಗಿರುತ್ತದೆ, ಕಣ್ಣಿಗೇ ಕಾಣುತ್ತದೆ. ಅದನ್ನು ತಿಂಗಳುಗಟ್ಟಲೆ ಮತ್ತೆ ಕಟ್ಟಬೇಕು. ಆಮೇಲೆ ನಡಿಗೆ, ಜಾಗಿಂಗ್, ಜಿಗಿತ. ಎಲ್ಲಕ್ಕಿಂತ ಕೊನೆಗೆ ಬರುವುದು ನಂಬಿಕೆ. ಮುಂದಿನ ಮೂಲೆಗೆ ಚೆಂಡು ಬಿದ್ದಾಗ ಯೋಚನೆ ಮಾಡದೆ ಆ ಕಾಲಿನ ಮೇಲೆ ಬೀಳುವ ನಂಬಿಕೆ. ನನ್ನ ಹತ್ತಿರ ಬರುವ ಆಟಗಾರರಲ್ಲಿ ಸ್ನಾಯು ಸರಿಹೋದರೂ ಈ ನಂಬಿಕೆ ಬಾರದೆ ಆಟ ಬಿಟ್ಟವರಿದ್ದಾರೆ. ಅವರ ಲಂಜ್ ಅರ್ಧಕ್ಕೆ ನಿಲ್ಲುತ್ತದೆ, ಹೊಡೆತ ಟಿನ್‌ಗೆ ಹೋಗುತ್ತದೆ.

ವಿಶ್ವಕಪ್ ಪಂದ್ಯವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ.

ಅಂಕಿಪ್ರಿಯ

ಮೇಡಂ, ಇದು ನನಗೆ ತಿಳಿದಿರಲಿಲ್ಲ, ಧನ್ಯವಾದ. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ದೊಡ್ಡ ಹೆಸರುಗಳನ್ನು ಸೋಲಿಸಿದರು ಅಂದಿರಿ. ಯಾರನ್ನು, ಯಾವಾಗ?

ಹಿಂದಿನ_ಗಾಜು

ನಿಕೋಲ್ ಡೇವಿಡ್. ಒಂದು ಸಲ ಅಲ್ಲ.

ಮಲೇಷ್ಯಾದ ನಿಕೋಲ್ ಎಂಟು ಸಲ ವಿಶ್ವ ಚಾಂಪಿಯನ್. 2006ರಿಂದ 2015ರವರೆಗೆ ನಂಬರ್ 1 ಸ್ಥಾನ ಬಿಟ್ಟುಕೊಡಲೇ ಇಲ್ಲ. ಏಷ್ಯಾದಲ್ಲಿ ಆಡುತ್ತಿದ್ದ ಎಲ್ಲ ಹುಡುಗಿಯರೂ ಅವರನ್ನೇ ನೋಡಿ ಬೆಳೆದವರು. 2018ರ ಏಪ್ರಿಲ್‌ನಲ್ಲಿ ಈಜಿಪ್ಟಿನ ಎಲ್ ಗೌನಾದಲ್ಲಿ ಜೋಷ್ನಾ ಅವರನ್ನು ಸೋಲಿಸಿದರು. ಅದೇ ವರ್ಷ ಜಕಾರ್ತಾ ಏಷ್ಯನ್ ಗೇಮ್ಸ್ ತಂಡ ವಿಭಾಗದ ಸೆಮಿಫೈನಲ್, ಎದುರಿಗೆ ಮಲೇಷ್ಯಾ, ಜೋಷ್ನಾಗೆ ಮತ್ತೆ ನಿಕೋಲ್. 12-10, 11-9, 6-11, 10-12, 11-9.

ಆ ಸ್ಕೋರನ್ನು ನಿಧಾನವಾಗಿ ಓದಿ. ಎರಡು ಗೇಮ್ ಮುಂದಿದ್ದು, ಎರಡು ಗೇಮ್ ಕಳೆದುಕೊಂಡು, ಐದನೆಯದಕ್ಕೆ ಬಂದಿದ್ದಾರೆ. ಅದರಲ್ಲೂ ನಾಲ್ಕನೆಯದು 10-12ರಲ್ಲಿ ಹೋಗಿದೆ, ಬಾಗಿಲವರೆಗೆ ಬಂದು ತಪ್ಪಿದ ಗೇಮ್. ಎದುರಿಗಿರುವುದು ಐದನೇ ಗೇಮ್ ಆಡುವುದರಲ್ಲಿ ಪಳಗಿದ ಆಟಗಾರ್ತಿ. ಅಲ್ಲಿ ಸಾಮಾನ್ಯವಾಗಿ ಕೈ ಬಿಗಿಯಾಗುತ್ತದೆ, ಹಿಂದಿನ ಗೋಡೆಯವರೆಗೆ ಹೋಗಬೇಕಾದ ಹೊಡೆತ ಗಿಡ್ಡವಾಗುತ್ತದೆ, ಚೆಂಡು ನಡುಗೋರ್ಟಿಗೆ ಬರುತ್ತದೆ. ಅಷ್ಟಾದರೆ ಮುಗಿಯಿತು, ನಿಕೋಲ್ ಅಂಥವರಿಗೆ ಅದಕ್ಕಿಂತ ಜಾಸ್ತಿ ಏನೂ ಬೇಡ. ಜೋಷ್ನಾ 11-9ರಲ್ಲಿ ಮುಗಿಸಿದರು, ಭಾರತ ಫೈನಲ್‌ಗೆ ಹೋಯಿತು. ಫೈನಲ್‌ನಲ್ಲಿ ಹಾಂಗ್‌ಕಾಂಗ್‌ಗೆ ಸೋತು ಬೆಳ್ಳಿ. ಆ ಹಾಂಗ್‌ಕಾಂಗನ್ನೇ ಏಳು ವರ್ಷ ಬಿಟ್ಟು ಚೆನ್ನೈನಲ್ಲಿ ಸೋಲಿಸಿದ್ದು.

ಅದೇ ಗೇಮ್ಸ್‌ನಲ್ಲಿ ಸಿಂಗಲ್ಸ್ ಕಂಚೂ ಬಂತು.

ಡಬಲ್ಸ್_ಪ್ರೇಮಿ

ಯಾರೂ ಡಬಲ್ಸ್ ಎತ್ತಲೇ ಇಲ್ಲ!

2014, ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್. ಸ್ಕ್ವಾಷ್ ಆ ಗೇಮ್ಸ್‌ಗೆ ಬಂದದ್ದು 1998ರಲ್ಲಿ. ಅಲ್ಲಿಂದ ಅಲ್ಲಿಯವರೆಗೆ ಭಾರತಕ್ಕೆ ಸ್ಕ್ವಾಷ್‌ನಲ್ಲಿ ಒಂದೂ ಪದಕ ಇರಲಿಲ್ಲ. ಮೊದಲ ಪದಕವೇ ಚಿನ್ನ. ಜೋಷ್ನಾ, ದೀಪಿಕಾ ಜೋಡಿ. ಫೈನಲ್‌ನಲ್ಲಿ ಎದುರಿಗೆ ಇಂಗ್ಲೆಂಡಿನ ಜೆನ್ನಿ ಡನ್‌ಕಾಫ್, ಲಾರಾ ಮಸಾರೊ. ಮಸಾರೊ ಆಗ ಹಾಲಿ ವಿಶ್ವ ಚಾಂಪಿಯನ್. 11-6, 11-8. ನೇರ ಗೇಮ್‌ಗಳಲ್ಲಿ.

2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಬೆಳ್ಳಿ. 2022ರ ಏಪ್ರಿಲ್‌ನಲ್ಲಿ ಮತ್ತೆ ಗ್ಲಾಸ್ಗೋ, ಈ ಸಲ ವಿಶ್ವ ಡಬಲ್ಸ್ ಚಾಂಪಿಯನ್‌ಶಿಪ್. ದೀಪಿಕಾ ಅವಳಿ ಮಕ್ಕಳ ತಾಯಿಯಾಗಿ ಕೆಲವೇ ತಿಂಗಳಾಗಿತ್ತು. ಸಾರಾ ಜೇನ್ ಪೆರಿ, ಆಲಿಸನ್ ವಾಟರ್ಸ್ ಜೋಡಿಯನ್ನು 11-9, 4-11, 11-8ರಿಂದ ಸೋಲಿಸಿ ಚಿನ್ನ. ಅಂಕಿಪ್ರಿಯ ಅವರೇ, ನೀವು ಹುಡುಕುತ್ತಿರುವ "ವಿಶ್ವ ಚಾಂಪಿಯನ್" ಇಲ್ಲಿದೆ.

ಡಬಲ್ಸ್ ಕೋರ್ಟ್ ಅಗಲ ಜಾಸ್ತಿ. ನಾಲ್ಕು ಜನ, ನಾಲ್ಕು ರ‍್ಯಾಕೆಟ್, ಒಂದು ಸಣ್ಣ ಚೆಂಡು. ಬಿಟ್ಟ ಜಾಗ ಅಂತ ಇರುವುದಿಲ್ಲ, ಅದನ್ನು ಹುಟ್ಟಿಸಬೇಕು. ಜೊತೆಗಾರ್ತಿ ಎಲ್ಲಿರುತ್ತಾಳೆ ಅನ್ನುವುದು ಬೆನ್ನಿಗೇ ಗೊತ್ತಾಗಬೇಕು. ಸಿಂಗಲ್ಸ್‌ನಲ್ಲಿ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಸೋಲಿಸೋಕೆ ನೋಡುತ್ತಿದ್ದ ಇಬ್ಬರು ಇಷ್ಟು ಚೆಂದ ಆಡಿದ್ದು ನನಗೆ ಈಗಲೂ ಆಶ್ಚರ್ಯ.

ಟಿ_ಗೆರೆ

ಒಬ್ಬರನ್ನೊಬ್ಬರು ಅಂದಿರಲ್ಲ, 2017ರ ಏಷ್ಯನ್ ಚಾಂಪಿಯನ್‌ಶಿಪ್ ಫೈನಲ್! ಅದೂ ಚೆನ್ನೈನಲ್ಲೇ. ಜೋಷ್ನಾ ಎದುರಿಗೆ ದೀಪಿಕಾ. 13-15, 12-10, 11-13, 11-4, 11-4.

ಮೊದಲ ಮೂರು ಗೇಮ್ ನೋಡಿ. ಮೂರೂ 10 ದಾಟಿವೆ. ಇಬ್ಬರಿಗೂ ಮತ್ತೊಬ್ಬರ ಪ್ರತಿ ಹೊಡೆತ ಬಾಯಿಪಾಠ, ಆದ್ದರಿಂದ ಯಾರಿಗೂ ಸುಲಭದ ಅಂಕ ಇಲ್ಲ. ಮೂರನೆಯದು 13-11ರಲ್ಲಿ ದೀಪಿಕಾಗೆ ಹೋಗಿದೆ. ಅಲ್ಲಿಗೆ ಜೋಷ್ನಾ ಮುಗಿದರು ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು. ಆಮೇಲೆ 11-4, 11-4. ಕಾಲಿನ ಬಲ ಅನ್ನುವುದು ಅಂಕಪಟ್ಟಿಯಲ್ಲಿ ಕಾಣಿಸುವುದು ಹೀಗೆ. ಏಷ್ಯನ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಆಟಗಾರ್ತಿ ಅವರು. 2019ರಲ್ಲಿ ಕ್ವಾಲಾಲಂಪುರದಲ್ಲಿ ಹಾಂಗ್‌ಕಾಂಗಿನ ಆ್ಯನಿ ಔ ಅವರನ್ನು ಸೋಲಿಸಿ ಪ್ರಶಸ್ತಿ ಉಳಿಸಿಕೊಂಡರು.

ಕಾಫಿತೋಟ

ನಾನು ಮಡಿಕೇರಿ ಕಡೆಯವನು. ನಮ್ಮಲ್ಲಿ ಜೋಷ್ನಾ ಹೆಸರು ಬಂದರೆ ಎದೆ ಉಬ್ಬುತ್ತದೆ. ಕೊಡಗಿನ ಕುಟುಂಬ, ತಂದೆಯವರದು ಕಾಫಿ ತೋಟ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಬಂಧುಗಳ ಮನೆತನ. ಹಾಕಿಯಲ್ಲಿ ಕೊಡಗಿನವರ ಹೆಸರು ಎಲ್ಲರಿಗೂ ಗೊತ್ತು. ಸ್ಕ್ವಾಷ್‌ನಲ್ಲಿ ಈ ಎತ್ತರಕ್ಕೆ ಹೋದವರು ಅಂದರೆ ಇವರೇ.

ಆದರೆ ಒಂದು ಮಾತು ನಮ್ಮವರಿಗೇ ಹೇಳಬೇಕು. ಅವರು ಹುಟ್ಟಿ ಬೆಳೆದದ್ದು ಚೆನ್ನೈನಲ್ಲಿ. ಆಟ ಕಲಿತದ್ದು ಅಲ್ಲಿ, ಆಡಿದ್ದು ತಮಿಳುನಾಡಿಗೆ. ತಂದೆ, ಕುಟುಂಬದವರು ಸ್ಕ್ವಾಷ್ ಆಡುತ್ತಿದ್ದದ್ದರಿಂದ ಚಿಕ್ಕ ವಯಸ್ಸಿನಲ್ಲೇ ಕ್ಲಬ್‌ನಲ್ಲಿ ರ‍್ಯಾಕೆಟ್ ಕೈಗೆ ಬಂತು. ಆಮೇಲೆ ಇಂಡಿಯನ್ ಸ್ಕ್ವಾಷ್ ಅಕಾಡೆಮಿ ಇತ್ತು, ಮೇಜರ್ ಮಣಿಯಂ, ಸೈರಸ್ ಪೋಂಚಾ ಅಂಥ ತರಬೇತುದಾರರಿದ್ದರು. ದೀಪಿಕಾ ಅಲ್ಲಿಯವರೇ. ಸೌರವ್ ಘೋಷಾಲ್ ಕೋಲ್ಕತ್ತದ ಹುಡುಗ, ಅವರೂ ಅಲ್ಲಿಗೇ ಹೋಗಿ ಆಡಿದರು. ಅಭಯ್ ಸಿಂಗ್, ವೇಲವನ್ ಸೆಂಥಿಲ್‌ಕುಮಾರ್ ಕೂಡ ಚೆನ್ನೈನವರೇ. ಅಂದರೆ ವಿಶ್ವಕಪ್ ಗೆದ್ದ ನಾಲ್ವರಲ್ಲಿ ಮೂವರು ಆ ಊರಿನವರು.

ಬರೀ "ನಮ್ಮವರು" ಅಂತ ಹೇಳಿಕೊಂಡು ಸುಮ್ನಿರಬಾರದು. ಅಲ್ಲಿ ಸರ್ಕಾರ ದುಡ್ಡು ಹಾಕಿ ವಿಶ್ವಕಪ್ ನಡೆಸುತ್ತದೆ, ಮಾಲ್ ಒಳಗೆ ಗಾಜಿನ ಕೋರ್ಟ್ ನಿಲ್ಲಿಸುತ್ತದೆ, ಸಾಮಾನು ತರೋಕೆ ಬಂದ ಹುಡುಗ ಹುಡುಗಿಯರು ನಿಂತು ನೋಡುತ್ತಾರೆ. ಇಲ್ಲಿ ಬೆಂಗಳೂರಿನಲ್ಲಿ ಕೋರ್ಟ್ ಇದೆ ಅಂದರೆ ಹೆಚ್ಚಿನವು ಕ್ಲಬ್‌ಗಳಲ್ಲಿ. ಸದಸ್ಯರ ಮಕ್ಕಳಿಗೆ ಮಾತ್ರ ಬಾಗಿಲು. ಕೊಡಗಿನ ಹುಡುಗಿಗೆ ಸ್ಕ್ವಾಷ್ ಆಡಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು?

ಡಬಲ್ಸ್_ಪ್ರೇಮಿ

ಕಾಫಿತೋಟ ಅಣ್ಣ, ನೂರಕ್ಕೆ ನೂರು ನಿಜ.

ತಾಯಿ_ಬೆಂಗಳೂರು

ಎಲ್ಲರೂ ಬರೆದದ್ದನ್ನು ಓದುತ್ತಾ ಕೂತಿದ್ದೆ. ನನ್ನ ಮಗಳಿಗೆ 13. ಸ್ಕ್ವಾಷ್ ಬಿಟ್ಟರೆ ಬೇರೆ ಮಾತಿಲ್ಲ. ವೃತ್ತಿಪರ ಆಟಗಾರ್ತಿ ಆಗಬೇಕಂತೆ. ನಮ್ಮ ಮನೆಯಲ್ಲಿ ಯಾರೂ ಆಟಗಾರರಿಲ್ಲ. ಜೋಷ್ನಾ ತರಹದವರ ಬದುಕು ಹೊರಗಿನಿಂದ ಪದಕ, ಪ್ರಶಸ್ತಿ. ಒಳಗೆ ವರ್ಷ ಹೇಗೆ ನಡೆಯುತ್ತದೆ? ಹಣ ಎಲ್ಲಿಂದ ಬರುತ್ತದೆ? ಓದು ಏನಾಗುತ್ತದೆ? ಯಾರಾದರೂ ಮುಚ್ಚುಮರೆ ಇಲ್ಲದೆ ಹೇಳಿ.

ಹಿಂದಿನ_ಗಾಜು

ಅಮ್ಮಾ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಟೂರ್ ಅಂದರೆ ಮೆಟ್ಟಿಲು. ಕೆಳಗೆ ಚಾಲೆಂಜರ್ ಟೂರ್ನಿಗಳು. ಬಹುಮಾನದ ಹಣ ಕಡಿಮೆ, ಅದೂ ಎಲ್ಲರಿಗೂ ಹಂಚಿಹೋಗುತ್ತದೆ. ಮೊದಲ ಸುತ್ತಿನಲ್ಲಿ ಸೋತರೆ ವಿಮಾನದ ಟಿಕೆಟ್ ಹಣವೂ ಹುಟ್ಟುವುದಿಲ್ಲ. ಮೇಲೆ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ದರ್ಜೆಗಳು. ಅಲ್ಲಿ ಹಣ ಇದೆ, ಆದರೆ ರ‍್ಯಾಂಕ್ ಇಲ್ಲದೆ ಜಾಗ ಸಿಗುವುದಿಲ್ಲ. ರ‍್ಯಾಂಕ್ ಬರಬೇಕೆಂದರೆ ಅಂಕ ಬೇಕು, ಅಂಕಕ್ಕೆ ಆಡಬೇಕು, ಆಡಲು ಸುತ್ತಬೇಕು. ಒಂದು ವರ್ಷ ಹಳೆಯದಾದ ಅಂಕ ಬಿದ್ದುಹೋಗುತ್ತದೆ. ಅಂದರೆ ಹೋದ ವರ್ಷ ಸೆಮಿಫೈನಲ್ ಆಡಿದ ಟೂರ್ನಿಗೆ ಈ ವರ್ಷ ಗಾಯದಿಂದ ಹೋಗದಿದ್ದರೆ ರ‍್ಯಾಂಕ್ ಕುಸಿಯುತ್ತದೆ. ಮನೆಯಲ್ಲಿ ಕಾಲಿಗೆ ಐಸ್ ಇಟ್ಟುಕೊಂಡು ಕೂತಿರುವಾಗಲೂ ಕೆಳಗೆ ಇಳಿಯುತ್ತಲೇ ಇರುತ್ತೀರಿ. ಜೋಷ್ನಾ 2025ರ ಅಕ್ಟೋಬರ್‌ನಲ್ಲಿ ಜಪಾನ್ ಓಪನ್ ಗೆದ್ದಾಗ ರ‍್ಯಾಂಕ್ ನೂರರ ಆಚೆ ಇತ್ತು. ಒಂದು ಕಾಲಕ್ಕೆ ಟಾಪ್ 10 ಇದ್ದವರು ಮತ್ತೆ ಕೆಳಗಿನ ಮೆಟ್ಟಿಲಿಗೆ ಹೋಗಿ, ಅಲ್ಲಿಂದ ಆಡುತ್ತಾ ಬಂದು, ಫೈನಲ್‌ನಲ್ಲಿ ಈಜಿಪ್ಟಿನ ಹಯಾ ಅಲಿ ಅವರನ್ನು ಸೋಲಿಸಿದರು. ಇದನ್ನು ಮಾಡುವುದಕ್ಕೆ ಮೈಗಿಂತ ಮನಸ್ಸು ದೊಡ್ಡದಿರಬೇಕು.

ಹಣದ ವಿಷಯ. ಕೋಚ್, ಫಿಸಿಯೊ, ಪ್ರಯಾಣ, ಹೋಟೆಲ್ ಎಲ್ಲ ಆಟಗಾರರೇ ನೋಡಿಕೊಳ್ಳಬೇಕು. ಜೋಷ್ನಾಗೆ ಎಳೆಯ ವಯಸ್ಸಿನಲ್ಲೇ ಮಿತ್ತಲ್ ಚಾಂಪಿಯನ್ಸ್ ಟ್ರಸ್ಟ್‌ನ ನೆರವು ಸಿಕ್ಕಿತು. ಅಂಥ ಬೆಂಬಲ ಇಲ್ಲದೆ ಭಾರತದಿಂದ ಟೂರ್ ಸುತ್ತುವುದು ಬಹಳ ಕಷ್ಟ. ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಪದಕಕ್ಕೆ ಸರ್ಕಾರಗಳು ಬಹುಮಾನ, ಕೆಲಸ ಕೊಡುತ್ತವೆ. ಆದರೆ ಪದಕ ಬಂದ ಮೇಲೆ ಸಿಗುವ ಹಣ ಅದು. ಪದಕಕ್ಕೆ ಮುಂಚಿನ ಹತ್ತು ವರ್ಷ ಯಾರದು?

ಮೊಣಕಾಲು_ಡಾಕ್ಟ್ರು

ಅದಕ್ಕೆ ಸೇರಿಸಿ. 13ನೇ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಮೊಣಕಾಲಿನ ಕೆಳಗಿನ ಗಂಟಿನಲ್ಲಿ ನೋವು ಅಂದರೆ ದಯವಿಟ್ಟು ಆಡಿಸಬೇಡಿ. ಟೂರ್ನಿ ಇದೆ ಅಂತ ಮಾತ್ರೆ ಕೊಟ್ಟು ಕಳಿಸುವವರನ್ನು ನೋಡಿದ್ದೇನೆ. ವಾರಕ್ಕೆ ಎರಡು ಮೂರು ದಿನ ಕೋರ್ಟ್ ಬಿಟ್ಟು ಕಾಲಿಗೆ, ಸೊಂಟಕ್ಕೆ ಬಲ ಬರುವ ವ್ಯಾಯಾಮ ಮಾಡಿಸಿ. ಎರಡೂ ಕಾಲಿನಲ್ಲಿ ಲಂಜ್ ಅಭ್ಯಾಸ ಆಗಲಿ.

ಅಂಕಿಪ್ರಿಯ

ಓದಿನ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ, ನಮ್ಮ ಸಂಬಂಧಿಕರ ಮಗ ಆ ದಾರಿಯಲ್ಲಿದ್ದಾನೆ. ಅಮೆರಿಕದ ಹಲವು ಒಳ್ಳೆಯ ಕಾಲೇಜುಗಳಲ್ಲಿ ಸ್ಕ್ವಾಷ್ ತಂಡ ಇದೆ. ಜೂನಿಯರ್ ಮಟ್ಟದಲ್ಲಿ ಚೆನ್ನಾಗಿ ಆಡಿದವರನ್ನು ಹುಡುಕಿ ಸೇರಿಸಿಕೊಳ್ಳುತ್ತಾರೆ. ವೇಲವನ್ ಕೊಲಂಬಿಯಾದಲ್ಲಿ ಓದಿ ಆಮೇಲೆ ಟೂರ್‌ಗೆ ಬಂದವರು. ಸೌರವ್ ಘೋಷಾಲ್ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಲೇ ಆಡಿದರು, ಟಾಪ್ 10ಕ್ಕೂ ಹೋದರು. ಆದ್ದರಿಂದ ಓದೋ ಆಟವೋ ಅಂತ ಈಗಲೇ ಆರಿಸಬೇಕಾಗಿಲ್ಲ.

ಮತ್ತೆ ಮೇಲಿನ ಚರ್ಚೆಗೆ. ಡಬಲ್ಸ್ ವಿಶ್ವ ಚಿನ್ನ, ನಿಕೋಲ್ ವಿರುದ್ಧದ ಗೆಲುವು ಎಲ್ಲ ಓದಿದ ಮೇಲೂ ಸಿಂಗಲ್ಸ್‌ನಲ್ಲಿ ಇನ್ನೂ ಮೇಲೆ ಹೋಗಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ. ಆದರೆ ರ‍್ಯಾಂಕಿಂಗ್ ಒಂದನ್ನೇ ನೋಡಬಾರದು ಅನ್ನುವುದನ್ನು ಒಪ್ಪುತ್ತೇನೆ. ಈಜಿಪ್ಟಿನವರು ಹೆಂಗಸರ ಟೂರ್ ಪೂರ್ತಿ ಆಳುತ್ತಿದ್ದ ಕಾಲದಲ್ಲಿ ಆಡಿದವರು ಇವರು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಫಿತೋಟ

ನನ್ನ ಸಂಕಟ ಬೇರೆ. ಒಲಿಂಪಿಕ್ಸ್.

2012ಕ್ಕೆ ಸ್ಕ್ವಾಷ್ ಬೇಡ ಎಂದರು. 2016ಕ್ಕೆ ಗಾಲ್ಫ್, ರಗ್ಬಿ ತಗೊಂಡರು. 2020ಕ್ಕೆ ಕುಸ್ತಿ ಉಳಿಸಿಕೊಂಡರು. 2024ರಲ್ಲಿ ಬ್ರೇಕ್ ಡ್ಯಾನ್ಸ್‌ಗೆ ಅವಕಾಶ ಸಿಕ್ಕಿತು, ಸ್ಕ್ವಾಷ್‌ಗೆ ಸಿಗಲಿಲ್ಲ. ಜೋಷ್ನಾಗೆ 18 ಇದ್ದಾಗಿನಿಂದ 37ರವರೆಗೆ ಪ್ರತಿ ಸಲ ಬಾಗಿಲು ಮುಚ್ಚಿತು. ಕೊನೆಗೆ 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಸಭೆಯಲ್ಲಿ 2028ರ ಲಾಸ್ ಏಂಜಲೀಸ್‌ಗೆ ಒಪ್ಪಿಗೆ ಸಿಕ್ಕಿತು. ನಿಕೋಲ್ ಡೇವಿಡ್ ಅಂಥ ಆಟಗಾರ್ತಿ ಒಂದೂ ಒಲಿಂಪಿಕ್ಸ್ ಆಡದೆ 2019ರಲ್ಲೇ ನಿವೃತ್ತರಾದರು. ರನೀಮ್ ಕೂಡ ಅಷ್ಟೇ. ನಮ್ಮ ದೇಶದಲ್ಲಿ ಒಲಿಂಪಿಕ್ಸ್ ಪಟ್ಟಿಯಲ್ಲಿ ಇಲ್ಲದ ಆಟಕ್ಕೆ ಪ್ರಾಯೋಜಕರೂ ಇಲ್ಲ, ಪೇಪರಿನಲ್ಲಿ ಜಾಗವೂ ಇಲ್ಲ. ಇದೇ ಆಟವನ್ನು ಇದೇ ಮಟ್ಟದಲ್ಲಿ ಬ್ಯಾಡ್ಮಿಂಟನ್‌ನಲ್ಲಿ ಆಡಿದ್ದರೆ ಅವರ ಹೆಸರು ಮನೆ ಮನೆಗೂ ಗೊತ್ತಿರುತ್ತಿತ್ತು. ಇದು ನನಗೆ ನಿಜವಾಗಿ ನೋವು ಕೊಡುತ್ತದೆ.

ಡಬಲ್ಸ್_ಪ್ರೇಮಿ

2028ಕ್ಕೆ ಅವರಿಗೆ 41 ಇರುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಸಿಂಗಲ್ಸ್ ಮಾತ್ರ, ಡಬಲ್ಸ್ ಇಲ್ಲ. ಹೆಂಗಸರಿಗೆ 16 ಜಾಗ. ಡಬಲ್ಸ್ ಇಟ್ಟಿದ್ದರೆ ನಾನು ಇವತ್ತೇ ಟಿಕೆಟ್ ಹುಡುಕುತ್ತಿದ್ದೆ.

ಟಿ_ಗೆರೆ

ಇಷ್ಟು ವರ್ಷ ಒಲಿಂಪಿಕ್ಸ್ ಇರಲಿಲ್ಲ ಅನ್ನುವ ಕಾರಣಕ್ಕೇ ಈ ಪ್ರಶ್ನೆ ಎತ್ತಿದ್ದು ನಾನು. ಅಳೆಯುವ ಕೋಲೇ ಇಲ್ಲದ ಆಟದಲ್ಲಿ ಅವರು ಏಷ್ಯನ್, ಕಾಮನ್‌ವೆಲ್ತ್, ವಿಶ್ವ ಡಬಲ್ಸ್, ವಿಶ್ವಕಪ್ ಅಂತ ಸಿಕ್ಕ ಪ್ರತಿ ವೇದಿಕೆಯಲ್ಲೂ ಗೆದ್ದು ತೋರಿಸಿದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಂಡದ ಕಂಚಿಗೆ ಅನಾಹತ್ ಜೊತೆ ಆಡಿದಾಗ ಆ ಹುಡುಗಿಗೆ 15. ಅವಳು ಲಾಸ್ ಏಂಜಲೀಸ್‌ಗೆ ಹೋಗುವ ಹೊತ್ತಿಗೆ ಅನುಭವ ಅನ್ನುವುದು ಪಕ್ಕದಲ್ಲೇ ಕೂತು ಸಿಕ್ಕಿರುತ್ತದೆ. ಬೇರೆ ದೇಶದವರು ಅದಕ್ಕೆ ದುಡ್ಡು ಕೊಟ್ಟು ಕೋಚ್ ಇಟ್ಟುಕೊಳ್ಳುತ್ತಾರೆ.

ತಾಯಿ ಅವರೇ, ನಿಮ್ಮ ಮಗಳಿಗೆ ಒಂದು ಕೆಲಸ ಹೇಳಿ. ಜಕಾರ್ತಾದ ನಿಕೋಲ್ ಪಂದ್ಯ ಸಿಕ್ಕರೆ ಜೊತೆಯಲ್ಲಿ ಕೂತು ನೋಡಿ. ಚೆಂಡು ನೋಡಬೇಡಿ. ಜೋಷ್ನಾ ಹೊಡೆದ ಮೇಲೆ ಎಷ್ಟು ಬೇಗ ಟಿ ಗೆ ವಾಪಸ್ ಬರುತ್ತಾರೆ, ಬಂದು ನಿಂತಾಗ ರ‍್ಯಾಕೆಟ್ ಎಷ್ಟು ಎತ್ತರದಲ್ಲಿದೆ, ತಲೆ ತಿರುಗಿಸಿ ಹಿಂದಿನ ಮೂಲೆ ನೋಡುತ್ತಾರಾ ಇಲ್ಲವಾ, ಇಷ್ಟನ್ನೇ ನೋಡಲಿ. ಐದನೇ ಗೇಮ್‌ನಲ್ಲಿ ಅದು ಬದಲಾಗುತ್ತದಾ ಅಂತ ಬರೆದಿಟ್ಟುಕೊಳ್ಳಲಿ.

ತಾಯಿ_ಬೆಂಗಳೂರು

ತುಂಬ ಉಪಕಾರವಾಯಿತು. ಈ ಭಾನುವಾರ ನೋಡುತ್ತೇವೆ. ಮಗಳು ಈಗಲೇ ನೋಟ್‌ಬುಕ್ ತಂದು ಕೂತಿದ್ದಾಳೆ. ಡಾಕ್ಟ್ರೇ, ಅವಳಿಗೆ ಬಲ ಮೊಣಕಾಲಿನ ಕೆಳಗೆ ಆಗಾಗ ನೋವು ಅನ್ನುತ್ತಾಳೆ. ಮುಂದಿನ ವಾರದ ಜಿಲ್ಲಾ ಟೂರ್ನಿಗೆ ಹೆಸರು ಕೊಟ್ಟಿದ್ದೆವು.

ಮೊಣಕಾಲು_ಡಾಕ್ಟ್ರು

ಹೆಸರು ವಾಪಸ್ ತೆಗೆಸಿ. ಮೊದಲು ಹತ್ತಿರದ ಮೂಳೆ ತಜ್ಞರಿಗೆ ತೋರಿಸಿ, ಆಮೇಲೆ ಮುಂದಿನದು. ಅವಳಿಗೆ ಬೇಜಾರಾದರೆ ಜೋಷ್ನಾ 39ಕ್ಕೆ ವಿಶ್ವಕಪ್ ಗೆದ್ದರು, ನಿನಗಿನ್ನೂ 26 ವರ್ಷ ಇದೆ ಅಂತ ಹೇಳಿ.